ಹೊಟ್ಟೆಗೆ ಒಳ್ಳೆಯದೆಂದು ಕೊಟ್ಟ ಮಜ್ಜಿಗೆ

ಲೋಟದ ತಳದಲ್ಲಿ ಉಳಿದಿದ್ದ ಇಂಗಿನ ಚೂರು ಉಬ್ಬಿಕೊಂಡಿತ್ತು. ನಡುವೆ ಕಂದು ಬಣ್ಣ, ಸುತ್ತಲೂ ಬೆಳ್ಳಗಿನ ಮೆತ್ತನೆಯ ಅಂಚು, ನೆನೆದ ಹಿಟ್ಟಿನ ಹಾಗೆ. ಬೆರಳ ತುದಿಯಿಂದ ಒತ್ತಿದೆ. ಅಂಟಿತು. ಎರಡು ಬೆರಳಿನ ನಡುವೆ ಹಿಡಿದು ಬಿಡಿಸಿದರೆ ತುಸು ಜಗ್ಗಿ, ಆಮೇಲೆ ಹರಿಯಿತು.

ಭಾನುವಾರ ಸಂಜೆ, ಬೈಯಪ್ಪನಹಳ್ಳಿಯ ನನ್ನ ಬಾಡಿಗೆ ಕೋಣೆಯ ಸಿಂಕಿನ ಮುಂದೆ, ನಲ್ಲಿ ನಿಲ್ಲಿಸುವುದನ್ನೂ ಮರೆತು ಅದನ್ನೇ ನೋಡುತ್ತಾ ನಿಂತಿದ್ದೆ. ಇಂಗು ಎಂದರೆ ಗಿಡದ ಬೇರಿನಿಂದ ಒಸರಿ ಗಟ್ಟಿಯಾಗುವ ಅಂಟು. ಅದು ನೀರಿನಲ್ಲಿ ಕದಡಿ ಮಸುಕಾಗಬಹುದು. ಹಿಟ್ಟಿನ ಹಾಗೆ ಉಬ್ಬುವುದೇಕೆ? ನಾನು ಓದಿದ್ದು ರಸಾಯನಶಾಸ್ತ್ರ. ವಿಮಾನಪುರದ ಹತ್ತಿರ, ವಿಮಾನದ ಬಿಡಿಭಾಗಗಳಿಗೆ ಬಳಿಯುವ ಲೇಪನಗಳನ್ನು ಪರೀಕ್ಷಿಸುವ ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಒಂದು ವಸ್ತು ಅದರ ಹೆಸರಿಗೆ ತಕ್ಕ ಹಾಗೆ ನಡೆದುಕೊಳ್ಳದಿದ್ದರೆ ಅದನ್ನು ಹಾಗೇ ಬಿಡಲು ನನ್ನಿಂದಾಗದು.

ಎದೆ ಜೋರಾಗಿ ಹೊಡೆದುಕೊಳ್ಳತೊಡಗಿತು. ಮರುದಿನ ಬೆಳಿಗ್ಗೆ ಇಂದಿರಾನಗರದಲ್ಲಿ ಡಾಕ್ಟರನ್ನು ನೋಡುವುದಿತ್ತು. ನನ್ನ ಹೊಟ್ಟೆ ಯಾಕೆ ಸುಧಾರಿಸುತ್ತಿಲ್ಲ ಎಂಬುದಕ್ಕೆ ಬೇರೆ ಕಾರಣ ಸಿಗದಿದ್ದರೆ ಸ್ಟೆರಾಯ್ಡ್ ಮಾತ್ರೆ ಶುರು ಮಾಡಬೇಕಾಗುತ್ತದೆ ಎಂದು ಅವರು ಹೇಳಿದ್ದರು. ಆ ಮಾತ್ರೆ ಶುರುವಾದ ದಿನವೇ ಬಂದು ನೌಕರಿ ಬಿಡಿಸಿ ಊರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಗದಗದಲ್ಲಿರುವ ಅವ್ವ ಹೇಳಿದ್ದಳು. ಅವ್ವ ಹೇಳಿದರೆ ಮಾಡುವವಳು. ಹಿಂದಿನ ದಿನ ಫೋನಿನಲ್ಲಿ, ಬ್ಯಾಗಿಗೆ ಸೀರೆ ತುಂಬಿಟ್ಟಾಗಿದೆ ಅಂದಿದ್ದಳು.

ಹೊಟ್ಟೆಯ ವಿಷಯ ಮಾತಾಡಲು ನನಗೆ ಬರುವುದಿಲ್ಲ. ತಲೆನೋವು ಎಂದು ಯಾರ ಮುಂದೆ ಬೇಕಾದರೂ ಹೇಳಬಹುದು, ಹೊಟ್ಟೆಯದನ್ನು ಹೇಳಿದರೆ ಕೇಳುವವರ ಕಣ್ಣು ತಕ್ಷಣ ಬೇರೆ ಕಡೆ ಹೋಗುತ್ತದೆ. ಕಾಲೇಜಿನ ದಿನಗಳಿಂದಲೂ ಯಾವ ಕೋಣೆಗೆ ಹೋದರೂ ನಾನು ಬಾಗಿಲ ಪಕ್ಕದ ಕುರ್ಚಿ ಹಿಡಿಯುತ್ತಿದ್ದೆ. ಗೆಳತಿಯರು ಅದನ್ನು ನನ್ನ ಸಂಕೋಚ ಎಂದುಕೊಂಡಿದ್ದರು. ಅವರು ಹಾಗೆ ಅಂದುಕೊಂಡದ್ದು ನನಗೂ ಅನುಕೂಲವೇ ಆಗಿತ್ತು. ತಿಂದ ಮೇಲೆ ಹೊಟ್ಟೆ ತಂಬೂರಿಯ ಬುರುಡೆಯಂತೆ ಊದಿಕೊಳ್ಳುತ್ತಿತ್ತು. ಒಂದು ವಾರ ಭೇದಿ, ಇನ್ನೊಂದು ವಾರ ಏನೂ ಇಲ್ಲ, ಮತ್ತೆ ಭೇದಿ. ತೋರಿಸಿದ ಡಾಕ್ಟರುಗಳೆಲ್ಲ ಐಬಿಎಸ್ ಎಂದರು. ಕರುಳು ಸುಮ್ಮಸುಮ್ಮನೆ ಕೆರಳುತ್ತದೆ, ಒತ್ತಡ ಕಡಿಮೆ ಮಾಡಿಕೊಳ್ಳಿ, ಮೆತ್ತಗಿನ ಊಟ ಮಾಡಿ.

ಮೆತ್ತಗಿನ ಊಟ ಎಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ರವೆ ಗಂಜಿ. ಹಾಲಿನಲ್ಲಿ ಅದ್ದಿದ ಬ್ರೆಡ್ಡು. ಹಾಸ್ಟೆಲಿನ ಹುಡುಗಿಯರು ನನಗಾಗಿ ಕಾಕ್ಸ್ ಟೌನಿನ ಬೇಕರಿಯಿಂದ ರಸ್ಕು ತರುತ್ತಿದ್ದರು, ಬೆಣ್ಣೆಯ ಪರಿಮಳದ, ಇನ್ನೂ ಬೆಚ್ಚಗಿರುವ ರಸ್ಕು. ನೋವು ಹೆಚ್ಚಾದಷ್ಟೂ ನಾನು ಹೆಚ್ಚು ರಸ್ಕು ತಿನ್ನುತ್ತಿದ್ದೆ. ರಜೆಗೆ ಊರಿಗೆ ಹೋದರೆ ಮಾತ್ರ ಸುಧಾರಿಸುತ್ತಿತ್ತು. ಅದು ತನ್ನ ಕೈಗುಣ ಎಂದು ಅವ್ವ, ಒತ್ತಡ ಇಳಿದದ್ದು ಎಂದು ಡಾಕ್ಟರು. ನಮ್ಮ ಮನೆಯಲ್ಲಿ ಎರಡೂ ಹೊತ್ತು ಜೋಳದ ರೊಟ್ಟಿ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ, ನನ್ನ ತಲೆಗೂ.

ಅದು ಹೊಳೆದದ್ದು ಇಂದಿರಾನಗರದ ಡಾಕ್ಟರಿಗೆ. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ನಾನು ಅವರ ಬಳಿ ಹೋದದ್ದು ಹೊಟ್ಟೆಗೆಂದಲ್ಲ, ಸುಸ್ತಿಗೆಂದು.

"ಕಬ್ಬಿಣದ ಮಾತ್ರೆ ಎಷ್ಟು ದಿನದಿಂದ ತಗೋತಿದ್ದೀರಿ?"

"ತುಂಬಾ ದಿನದಿಂದ ಡಾಕ್ಟರ್."

"ಆದ್ರೂ ರಕ್ತ ಏರಿಲ್ಲ. ಬಾಯಲ್ಲಿ ಹುಣ್ಣಾಗುತ್ತಾ?"

"ಆಗುತ್ತೆ. ಪದೇ ಪದೇ."

"ಮತ್ತೆ ಇದನ್ನ ಹಿಂದಿನವರಿಗೆ ಹೇಳಿಲ್ವಾ?"

"ಹೊಟ್ಟೆಗೂ ಬಾಯಿ ಹುಣ್ಣಿಗೂ ಸಂಬಂಧ ಇಲ್ಲ ಅಂದ್ಕೊಂಡಿದ್ದೆ."

ಅವರು ಪೆನ್ನು ಕೆಳಗಿಟ್ಟರು. "ನೋಡಮ್ಮ, ಐಬಿಎಸ್ ಅನ್ನೋದು ಸುಳ್ಳು ಕಾಯಿಲೆ ಅಲ್ಲ. ಎಷ್ಟೋ ಜನಕ್ಕೆ ಇರೋದು ಅದೇ. ಆದ್ರೆ ಅದರದೇ ವೇಷ ಹಾಕ್ಕೊಂಡು ಬರೋ ಕಾಯಿಲೆಗಳು ಬೇಕಾದಷ್ಟಿವೆ. ಥೈರಾಯ್ಡ್ ಏರುಪೇರಾದ್ರೂ ಹೀಗಾಗುತ್ತೆ. ಹಾಲು ಒಗ್ಗದಿದ್ರೂ ಆಗುತ್ತೆ. ನೀರಲ್ಲಿ ಬಂದ ಕ್ರಿಮಿ ಕರುಳಲ್ಲಿ ಮನೆ ಮಾಡ್ಕೊಂಡಿದ್ರೂ ಆಗುತ್ತೆ. ರಕ್ತ ಕಡಿಮೆ ಆಗ್ತಿದೆ ಅಂದ್ಮೇಲೆ ಮುಖವಾಡ ತೆಗೆದು ನೋಡ್ಲೇಬೇಕು."

ರಕ್ತ ಪರೀಕ್ಷೆ ಆಯಿತು. ಬಾಯಿಯಿಂದ ಕೊಳವೆ ಇಳಿಸಿ ಸಣ್ಣ ಕರುಳಿನ ಚೂರು ತೆಗೆದು ನೋಡಿದರು. ಸೀಲಿಯಾಕ್ ಎಂದು ಗೊತ್ತಾಯಿತು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಒಳಗೆ ಹೋದರೆ ನನ್ನ ಮೈ ನನ್ನ ಕರುಳಿನ ಮೇಲೆಯೇ ಏರಿ ಹೋಗುತ್ತದೆ. ಮದ್ದು ಒಂದೇ, ಜೀವನಪೂರ್ತಿ ಗೋಧಿ ಬಿಡುವುದು, ಅದೂ ಚೂರೂ ಉಳಿಸದೆ.

ಅವ್ವ ನಂಬಲಿಲ್ಲ. "ಗೋಧಿ ತಿಂದು ಯಾರಿಗರ ಬ್ಯಾನಿ ಬರತೈತೇನು? ನಿಮ್ಮಪ್ಪ ಹುಟ್ಟಿದಾಗಿಂದ ಗೋಧಿ ಹುಗ್ಗಿ ಉಣ್ಣಾಕತ್ಯಾನ, ಕಲ್ಲಗುಂಡಿನಂಗ ಅದಾನ."

ನನಗೋ ಹಬ್ಬ ಬಂದಂತಾಯಿತು. ಕಾಯಿಲೆ ಗೊತ್ತಾಯಿತೆಂದು ಖುಷಿಪಡುವವರನ್ನು ಜನ ವಿಚಿತ್ರವಾಗಿ ನೋಡುತ್ತಾರೆ. ಆದರೆ ಇಷ್ಟು ವರ್ಷ ನನ್ನದು ಮನಸ್ಸಿನ ರೋಗ, ಹೆದರಿಕೆಯ ರೋಗ ಎಂದು ಕೇಳಿಸಿಕೊಂಡವಳಿಗೆ, ಕರುಳಿನ ಚೂರಿನ ಚಿತ್ರವನ್ನು ಪರದೆಯ ಮೇಲೆ ನೋಡಿದಾಗ ಕುಣಿಯಬೇಕೆನ್ನಿಸಿತ್ತು. ಬೆರಳಿನಂತೆ ಎದ್ದು ನಿಂತಿರಬೇಕಾದ ಪದರ ಉಜ್ಜಿ ಹಾಕಿದ ಹಾಗೆ ಸಪಾಟಾಗಿತ್ತು. ಅದು ಅಲ್ಲಿ ಇತ್ತು, ನಾನು ಕಲ್ಪಿಸಿಕೊಂಡದ್ದಲ್ಲ.

ಕೋಣೆಯಿಂದ ಗೋಧಿ, ಮೈದಾ, ರವೆ, ಶಾವಿಗೆ ಎಲ್ಲವನ್ನೂ ಹೊರಹಾಕಿದೆ. ಹೊಸ ತವಾ ಕೊಂಡೆ. ಜೋಳ, ರಾಗಿ, ಅಕ್ಕಿ. ಆಫೀಸಿನಲ್ಲಿ ಹುಟ್ಟುಹಬ್ಬದ ಕೇಕು ಬಂದರೆ ನಗುತ್ತಾ ಬೇಡವೆಂದು ಕೈಯಾಡಿಸುತ್ತಿದ್ದೆ. ಮೊದಲು ಎಷ್ಟೋ ಸುಧಾರಿಸಿತು. ಆದರೆ ಪೂರ್ತಿ ಅಲ್ಲ. ಗೋಧಿ ಬಿಟ್ಟ ಮೇಲೆ ರಕ್ತದಲ್ಲಿ ಇಳಿಯಬೇಕಾದ, ಕಾಯಿಲೆಯ ಗುರುತಿನ ಅಂಶ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಹೊಟ್ಟೆ ಊದುವುದು, ಮುರಿಯುವುದು ತಿರುಗಿ ಬಂತು. ಎಲ್ಲೋ ಗೋಧಿ ಒಳಗೆ ಹೋಗುತ್ತಿದೆ, ಹುಡುಕಿ ಎಂದರು ಡಾಕ್ಟರು. ಹುಡುಕಿದೆ. ಮಾತ್ರೆಗಳ ಹೊರಪದರವನ್ನೂ ಬಿಡಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಗೋಧಿಯ ನಂತರ ನನ್ನ ಜೋಳ ಬೀಸಿದರೆ ಬೆರಕೆಯಾಗುತ್ತದೆಂದು ಮನೆಯಲ್ಲಿಯೇ ಮಿಕ್ಸಿಗೆ ಹಾಕಿದೆ. ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ. ಆಗ ಬಂದದ್ದು ಆ ಸ್ಟೆರಾಯ್ಡ್ ಮಾತ್ರೆಯ ಮಾತು. ಗೋಧಿ ಬಿಟ್ಟರೂ ಮಣಿಯದ ಬಗೆಯೊಂದು ಇದೆಯಂತೆ, ಅಪರೂಪಕ್ಕೆ.

ಹುಡುಕುವಾಗ ನಾನು ಬಿಟ್ಟುಬಿಟ್ಟದ್ದು ಆ ಒಂದು ಲೋಟವನ್ನು.

ನನ್ನ ಕೋಣೆಯ ಮೇಲೆ ಮನೆಯ ಓನರ್ ಆಂಟಿ, ಅಂಕಲ್ ಇದ್ದಾರೆ. ಈ ಕಟ್ಟಡ ನಿಂತಿರುವ ಜಾಗದಲ್ಲಿ ಮೊದಲು ಅವರದೇ ರಾಗಿ ಹೊಲ ಇತ್ತು, ಈಗ ಬಾಡಿಗೆಯ ಕೋಣೆಗಳಿವೆ. ನಾನು ಬಂದ ಹೊಸತರಲ್ಲಿ ಒಂದು ದಿನ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದು ಕುಳಿತದ್ದನ್ನು ಆಂಟಿ ನೋಡಿಬಿಟ್ಟರು. ಅಂದಿನಿಂದ ದಿನಾ ಸಂಜೆ ಕಡೆದ ಮಜ್ಜಿಗೆಗೆ ಶುಂಠಿ, ಕರಿಬೇವು, ಉಪ್ಪು ಹಾಕಿ, ಕಡಲೆಕಾಳಿನಷ್ಟು ಇಂಗನ್ನು ಕುಟ್ಟಿ ಕದಡಿ ಒಂದು ಲೋಟ ತಂದು ಕೊಡುತ್ತಿದ್ದರು. "ಇಂಗು ವಾಯು ಎಲ್ಲಾ ಎಳ್ಕೊಂಡ್ಬಿಡುತ್ತೆ ಕಣಮ್ಮ, ಕುಡಿ." ನೋವು ಜಾಸ್ತಿ ಇದ್ದ ದಿನ ಇಂಗೂ ಜಾಸ್ತಿ. ನಮ್ಮ ಕಡೆಯ ಅಡುಗೆಯಲ್ಲಿ ಬೆಳ್ಳುಳ್ಳಿಯದೇ ಕಾರುಬಾರು, ನನ್ನ ಕೋಣೆಯಲ್ಲಿ ಇಂಗಿನ ಡಬ್ಬಿಯೇ ಇರಲಿಲ್ಲ. ತಿನ್ನುವ ಪ್ರತಿಯೊಂದನ್ನೂ ತಪಾಸಣೆ ಮಾಡಿದವಳು ಈ ಮಜ್ಜಿಗೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅದು ಊಟವಲ್ಲ, ಔಷಧಿ ಎಂದುಕೊಂಡಿದ್ದೆ.

ಮಗಳ ಬಾಣಂತನಕ್ಕೆಂದು ಆಂಟಿ ಹೊಸಕೋಟೆಗೆ ಹೋಗಿದ್ದಾಗ ನಾನು ಚೆನ್ನಾಗಿದ್ದೆ. ಆ ದಿನಗಳಲ್ಲಿ ಹಲಸೂರು ಕೆರೆಯ ಸುತ್ತ ನಡೆದು ಬಂದದ್ದೂ ನೆನಪಿದೆ. ಅವರು ತಿರುಗಿ ಬಂದ ಮೇಲೆ ಮತ್ತೆ ಕೆಟ್ಟಿತು. ಅದೆಲ್ಲ ಸಿಂಕಿನ ಮುಂದೆ ನಿಂತಿದ್ದ ಆ ಗಳಿಗೆಯಲ್ಲಿ ಒಂದರ ಪಕ್ಕ ಒಂದು ಬಂದು ಕೂತಿತು. ಅದಕ್ಕೇ ಎದೆ ಹೊಡೆದುಕೊಂಡದ್ದು.

ಗಾಯಕ್ಕೆ ಹಚ್ಚುವ ಅಯೋಡಿನ್ ಬಾಟಲಿ ಕಪಾಟಿನಲ್ಲಿತ್ತು. ಹಿಟ್ಟಿನ ಪಿಷ್ಟಕ್ಕೆ ಅಯೋಡಿನ್ ತಾಗಿದರೆ ಕಡು ನೀಲಿಯಾಗುತ್ತದೆ, ಶಾಲೆಯಲ್ಲಿ ಆಲೂಗಡ್ಡೆಯ ಮೇಲೆ ಎಲ್ಲರೂ ಹಾಕಿ ನೋಡಿರುತ್ತಾರೆ. ಮೊದಲು ಒಂದು ತಟ್ಟೆಯಲ್ಲಿ ಅಕ್ಕಿ ಕಾಳಿನ ಮೇಲೆ ಒಂದು ಹನಿ ಬಿಟ್ಟೆ, ಬಾಟಲಿ ಹಳತಾಗಿದ್ದರೆ ಮೋಸ ಹೋಗಬಾರದೆಂದು. ಅಕ್ಕಿ ನೀಲಿಯಾಯಿತು. ಶುಂಠಿಯ ನಾರನ್ನು ಬದಿಗಿಟ್ಟು, ಇಂಗಿನ ಚೂರನ್ನು ಮಾತ್ರ ತೊಳೆದು, ಅದರ ಮೇಲೆ ಇನ್ನೊಂದು ಹನಿ.

ಕಂದು ಹನಿ ಒಂದು ಕ್ಷಣ ಕಂದಾಗಿಯೇ ಇತ್ತು. ಆಮೇಲೆ ಅಂಚಿನಿಂದ ಒಳಗೆ ಕಪ್ಪು ನೀಲಿ ಹರಿಯಿತು.

"ಅಯ್ಯೋ!" ಎಂದು ಕೂಗಿಬಿಟ್ಟೆ, ಒಬ್ಬಳೇ ಇದ್ದ ಕೋಣೆಯಲ್ಲಿ. ಆದರೆ ನೀಲಿ ಎಂದರೆ ಪಿಷ್ಟ ಎಂದಷ್ಟೇ. ಅಕ್ಕಿ ಹಿಟ್ಟೂ ಇರಬಹುದು. ಅಕ್ಕಿಯಾದರೆ ನನ್ನ ಖುಷಿಯೆಲ್ಲ ಠುಸ್. ತಟ್ಟೆ ಒಂದು ಕೈಯಲ್ಲಿ, ಬಾಟಲಿ ಇನ್ನೊಂದರಲ್ಲಿ, ಚಪ್ಪಲಿಯನ್ನೂ ಹಾಕದೆ ಮೆಟ್ಟಿಲು ಹತ್ತಿದೆ.

ಆಂಟಿ ಬಾಗಿಲು ತೆರೆದವರೇ ನನ್ನ ಮುಖ ನೋಡಿ ಗಾಬರಿಯಾದರು. "ಏನಾಯ್ತಮ್ಮ? ಮತ್ತೆ ಶುರುವಾಯ್ತಾ? ಇನ್ನೊಂದ್ ಲೋಟ ಕೊಡ್ಲಾ?"

"ಬೇಡ ಆಂಟಿ! ನಿಮ್ಮ ಇಂಗಿನ ಡಬ್ಬಿ ಎಲ್ಲಿದೆ?"

"ಇಂಗಾ? ಸಾರ್ ಮಾಡ್ತಿದೀಯಾ? ನೀನು ಬೆಳ್ಳುಳ್ಳಿ ಹಾಕೋಳಲ್ವಾ?"

"ಡಬ್ಬಿ ಕೊಡಿ ಆಂಟಿ, ಆಮೇಲೆ ಹೇಳ್ತೀನಿ."

ಸೋಫಾದಲ್ಲಿ ಕೂತು ಟಿವಿ ನೋಡುತ್ತಿದ್ದ ಅಂಕಲ್ ಅದರ ದನಿ ಕಡಿಮೆ ಮಾಡಿದರು. "ಏನೇ ಅದು, ಹುಡುಗಿ ಬಾಟ್ಲಿ ಹಿಡ್ಕೊಂಡು ಬಂದಿದೆ? ಪೊಲೀಸ್ ಕೇಸಾ?"

ಆಂಟಿ ಅಡುಗೆಮನೆಯಿಂದ ತಂದದ್ದು ಚೌಕದ ಪುಟ್ಟ ಡಬ್ಬಿ, ಒಳಗೆ ಗಟ್ಟಿ ಇಂಗು. ಹೊರಗಿನ ಅಕ್ಷರ ಎಣ್ಣೆಗೈ ತಾಗಿ ಮಾಸಿತ್ತು. ನಾನು ಬೆಳಕಿಗೆ ಹಿಡಿದು ಓದಿದೆ. ಗೋಂದು, ಗೋಧಿ ಹಿಟ್ಟು, ಇಂಗು. ಇಂಗಿನ ಹೆಸರು ಕೊನೆಗೆ.

"ಗೋಧಿ!" ಅಂದೆ. ಎಷ್ಟು ಜೋರಾಗಿ ಎಂದರೆ ಅಂಕಲ್ ಎದ್ದು ಬಂದರು. "ಗೋಧಿ ಇದೆ ಅಂಕಲ್, ನೋಡಿ, ಇಲ್ಲೇ ಬರೆದಿದೆ! ಇದಕ್ಕೇ ವಾಸಿಯಾಗ್ತಿರ್ಲಿಲ್ಲ!"

"ಇಂಗಲ್ಲಿ ಗೋಧಿ ಯಾಕಮ್ಮ ಹಾಕ್ತಾರೆ?" ಎಂದರು ಆಂಟಿ.

"ಅಸಲಿ ಇಂಗು ತುಂಬಾ ಘಾಟು ಆಂಟಿ. ಹದಕ್ಕೆ ತರೋಕೆ ಹಿಟ್ಟು ಸೇರಿಸಿ ಗಟ್ಟಿ ಮಾಡ್ತಾರೆ. ಬೇರೆಯವರಿಗೆ ಏನೂ ಆಗಲ್ಲ. ನನಗೆ ಮಾತ್ರ." ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದೆ. ಕರುಳು, ಪದರ, ರಕ್ತದ ಅಂಶ, ಭೇದಿ. ಆ ಪದವನ್ನು ನಾನು ಅಂಕಲ್ ಎದುರಿಗೆ ಹೇಳಿದೆ ಎಂಬುದು ಎಷ್ಟೋ ಹೊತ್ತಿನ ಮೇಲೆ ಗಮನಕ್ಕೆ ಬಂತು.

ಅಂಕಲ್ ಡಬ್ಬಿ ತಿರುಗಿಸಿ ತಿರುಗಿಸಿ ನೋಡಿ ಹೆಂಡತಿಯ ಕಡೆ ತಿರುಗಿದರು. "ಇಂಗು ತಿಂದ ಮಂಗನ್ನ ನೋಡಿದ್ದೆ ಕಣೇ. ಇಂಗು ತಿನ್ನಿಸಿದ ಮಂಗನ್ನ ಇವತ್ತೇ ನೋಡಿದ್ದು."

"ನೀವ್ ಸುಮ್ನಿರಿ!" ಆಂಟಿ ಊಟದ ಮೇಜಿನ ಕುರ್ಚಿ ಎಳೆದು ಕೂತುಬಿಟ್ಟರು. ಸೆರಗನ್ನು ಬೆರಳಿಗೆ ಸುತ್ತುತ್ತಾ, "ದಿನಾ ಕೊಟ್ನಲ್ಲಮ್ಮ ನಾನು. ಒಂದಿನಾನೂ ತಪ್ಪಿಸ್ಲಿಲ್ಲ" ಎಂದರು.

ಸಮಾಧಾನದ ಮಾತು ನನಗೆ ತಕ್ಷಣ ಬರುವುದಿಲ್ಲ. ಇದ್ದದ್ದನ್ನು ಹೇಳಿದೆ. "ತಪ್ಪಿಸದೇ ಇದ್ದದ್ದು ಒಳ್ಳೇದಾಯ್ತು ಆಂಟಿ. ನೀವು ಒಂದಿನ ಕೊಟ್ಟು ಒಂದಿನ ಬಿಟ್ಟಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ. ಹೊಸಕೋಟೆಗೆ ಹೋದಾಗ ಪೂರ್ತಿ ನಿಂತಿತ್ತು, ಬಂದಾಗ ಪೂರ್ತಿ ಶುರುವಾಯ್ತು. ಅದಕ್ಕೇ ಸಿಕ್ಕಿದ್ದು."

"ಅಂದ್ರೆ ನಾನ್ ಇಲ್ದಿದ್ರೆ ನೀನ್ ಚೆನ್ನಾಗಿರ್ತೀಯ ಅಂತಾಯ್ತು."

"ನಿಮ್ಮ ಇಂಗು ಇಲ್ದಿದ್ರೆ, ಆಂಟಿ."

ಅವರು ನಕ್ಕರು, ಕಣ್ಣು ಒರೆಸಿಕೊಳ್ಳುತ್ತಲೇ. ಆಮೇಲೆ ನನ್ನ ಕೈಯಿಂದ ಬಾಟಲಿ ಇಸಿದುಕೊಂಡು ಅಡುಗೆಮನೆಯಲ್ಲಿ ಸಿಕ್ಕಿದ್ದಕ್ಕೆಲ್ಲ ಹನಿ ಬಿಡತೊಡಗಿದರು. ಅರಿಸಿನ, ಧನಿಯಾ ಪುಡಿ, ಅಡುಗೆ ಸೋಡಾ. ಅಂಕಲ್ ಗೋಡಂಬಿ ತಂದುಕೊಟ್ಟರು. ಒಂದೊಂದು ಬಣ್ಣ ಬದಲಾದಾಗಲೂ ಮೂವರೂ ಬಗ್ಗಿ ನೋಡುತ್ತಿದ್ದೆವು. ಅಷ್ಟು ಸಂತೋಷದ ಪರೀಕ್ಷೆಯನ್ನು ನಾನು ಲ್ಯಾಬಿನಲ್ಲಿ ಎಂದೂ ಮಾಡಿಲ್ಲ.

ಕೆಳಗೆ ಬಂದು ಅವ್ವನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಇಂಗಿನಾಗ ಗೋಧಿ?" ಅಂದಳು. "ನೀ ಹೇಳೂದು ಖರೆ ಇರಬಹುದವಾ. ಆದ್ರ ಡಾಕ್ಟರ್ ಬಾಯಿಂದ ಬರಲಿ. ಅಲ್ಲೀತನಾ ನಾ ಬ್ಯಾಗ್ ಬಿಚ್ಚಂಗಿಲ್ಲ."

ಮರುದಿನ ಬೆಳಿಗ್ಗೆ ಹೊರಡುವಾಗ ಗೇಟಿನ ಬಳಿ ಆಂಟಿ ನಿಂತಿದ್ದರು. ಮದುವೆಗೆ ಹೊರಟವರಂತೆ ರೇಷ್ಮೆ ಸೀರೆ, ತೋಳಲ್ಲಿ ಬ್ಯಾಗು. "ನಾನೂ ಬರ್ತೀನಿ. ಕೊಟ್ಟೋಳು ನಾನು, ಡಾಕ್ಟ್ರಿಗೆ ನಾನೇ ಹೇಳ್ಬೇಕು." ಡಾಕ್ಟರ ಬಳಿಗೆ ನಾನು ಅಲ್ಲಿಯವರೆಗೆ ಯಾರನ್ನೂ ಕರೆದುಕೊಂಡು ಹೋದವಳಲ್ಲ. "ಬನ್ನಿ" ಅಂದೆ. ಮೆಟ್ರೊದಲ್ಲಿ ಅವರ ಬ್ಯಾಗಿನೊಳಗಿಂದ ಇಂಗು ಎಷ್ಟು ನಾರುತ್ತಿತ್ತೆಂದರೆ, ಅಷ್ಟು ಗಿಜಿಗುಡುವ ಹೊತ್ತಿನಲ್ಲೂ ಜನ ನಮ್ಮ ಸುತ್ತ ತುಸು ಜಾಗ ಬಿಟ್ಟು ನಿಂತಿದ್ದರು.

ಡಾಕ್ಟರು ಡಬ್ಬಿ ಓದಿದರು. ಮುಚ್ಚಳ ತೆಗೆದು ಮೂಸಿದರು. ಆಮೇಲೆ ಕುರ್ಚಿಗೆ ಒರಗಿ ಜೋರಾಗಿ ನಕ್ಕರು. "ನಾನೇ ಎಷ್ಟು ಜನಕ್ಕೆ ಇಂಗು ಮಜ್ಜಿಗೆ ಕುಡೀರಿ ಅಂದಿದೀನೋ!" ನಗು ನಿಂತ ಮೇಲೆ ನನ್ನ ಕಡೆ ನೋಡಿದರು. "ಇದೇ ಕಾರಣ ಅಂತ ಈಗಲೇ ಸಹಿ ಹಾಕಲ್ಲ. ಇಂಗು ಪೂರ್ತಿ ನಿಲ್ಲಲಿ, ಮತ್ತೆ ರಕ್ತ ನೋಡೋಣ. ಆ ಮಾತ್ರೆ ಈಗ ಬೇಡ."

"ಈಗ ಬೇಡ ಅಂದ್ರೆ?"

"ಬರೆಯಲ್ಲ ಅಂತ. ಕೆಲಸಕ್ಕೆ ಹೋಗಮ್ಮ."

ಹೊರಗೆ ಬಂದು ನಿಂತಲ್ಲೇ ಅವ್ವನಿಗೆ ಸುದ್ದಿ ಕಳಿಸಿದೆ. ತಲೆ ಎತ್ತಿದರೆ ಆಂಟಿ ಕಾಯುವ ಬೆಂಚಿನಲ್ಲಿ ಕೂತು ನನ್ನ ಕರುಳಿನ ಕಥೆಯನ್ನು ಪಕ್ಕದವರಿಗೆ ಆಗಲೇ ಶುರು ಮಾಡಿದ್ದರು. ಶಿವಾಜಿನಗರದಿಂದ ಮಗಳನ್ನು ತೋರಿಸಲು ಬಂದಿದ್ದ ಹೆಂಗಸು. ಮಗಳು ಕಾಲೇಜಿನವಳು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಫೋನಿಗೆ ಮುಖ ಹುದುಗಿಸಿ ಕೂತಿದ್ದಳು.

"ನಮ್ ಹುಡುಗಿಗೂ ಸೇಮ್ ಹಿಂಗೇ ಮೇಡಮ್" ಎಂದರು ಆ ತಾಯಿ ನನಗೆ. "ಗ್ಯಾಸ್ ಅಂತಾರೆ, ಟೆನ್ಷನ್ ಅಂತಾರೆ. ಇವತ್ತಿಂದ್ಲೇ ಚಪಾತಿ, ಬನ್ನು ಎಲ್ಲಾ ಬಂದ್."

"ಬೇಡ, ನಿಲ್ಲಿಸಬೇಡಿ!" ಅಂದೆ. ಕಾಯುತ್ತಿದ್ದವರೆಲ್ಲ ತಿರುಗಿದರು. ಹಿಂದಿನ ದಿನವಾಗಿದ್ದರೆ ನಾನು ಅಲ್ಲಿಗೇ ಬಿಟ್ಟು ಮೆಟ್ಟಿಲಿಳಿಯುತ್ತಿದ್ದೆ. ಅವರ ಮುಂದಿನ ಕುರ್ಚಿಯಲ್ಲಿ ಕೂತೆ. "ಅವಳಿಗೆ ಇರೋದು ಇದೇ ಅಂತ ಗೊತ್ತಿಲ್ಲ, ಬೇರೇನೋ ಇರಬಹುದು. ಪರೀಕ್ಷೆಗೆ ಮುಂಚೆ ಗೋಧಿ ಬಿಟ್ಟರೆ, ಇದ್ದ ಕಾಯಿಲೇನೂ ರಕ್ತದಲ್ಲಿ ಕಾಣಿಸದೇ ಹೋಗಬಹುದು. ಮೊದಲು ಡಾಕ್ಟರಿಗೆ ಎಲ್ಲಾ ಹೇಳಿ. ಬಾಯಿ ಹುಣ್ಣು, ಸುಸ್ತು, ಸಂಬಂಧ ಇಲ್ಲ ಅನ್ನಿಸಿದ್ದೂ ಹೇಳಿ. ಅವರು ಬಿಡಿ ಅನ್ನೋವರೆಗೂ ತಿನ್ನಲಿ."

ಹುಡುಗಿ ಫೋನನ್ನು ಮಡಿಲಿಗಿಳಿಸಿದಳು. ತಾಯಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ನಿಮಗೆ ದಿನಕ್ಕೆ ಎಷ್ಟು ಸಲ ಹೋಗ್ಬೇಕಾಗ್ತಿತ್ತು?" ಎಂದು ಕೇಳಿದಳು.

ನಾನು ಎಷ್ಟೆಂದು ಹೇಳಿದೆ, ಪಿಸುಗುಟ್ಟದೆ.